ಯೀಸ್ಟ್ ಹೇಗೆ ನುಂಗುತ್ತದೆ? ನಮ್ಮ ಜಗಲಿ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಜೀವಕೋಶದ ಪಾಠ ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಅರ್ಧ ಮಕ್ಕಳಿಂದ, ಇನ್ನರ್ಧ ಅವರನ್ನು ಕರೆದುಕೊಂಡು ಹೋಗಲು ಬಂದು ಮಳೆ ಬಿಡಲಿ ಅಂತ ಕಾಫಿ ಕುಡಿಯುತ್ತಾ ಕೂರುವ ಅಪ್ಪ ಅಮ್ಮಂದಿರಿಂದ. ಪ್ರತಿ ವರ್ಷ ಹೇಳಿ ಹೇಳಿ ಗಂಟಲು ಕಟ್ಟಿದೆ, ಈ ಸಲ ಬರೆದೇ ಇಟ್ಟುಬಿಡುತ್ತೇನೆ. ಪ್ರೋಟೀನ್‌ಗಳ ಹೆಸರು ಬಸ್ಸಿನ ನಂಬರ್ ಇದ್ದ ಹಾಗೆ ಇವೆ. ಹೆದರಬೇಡಿ, ಬಾಯಿಪಾಠ ಮಾಡಬೇಕಾಗಿಲ್ಲ.

ಯೀಸ್ಟ್ ಅಂದರೆ ಬನ್ನಿಗೆ ಹಾಕುವ ಪುಡಿ ತಾನೇ? ಅದಕ್ಕೆ ಜೀವ ಇದೆಯಾ ಮಿಸ್?

ಇದೆ. ಪೊಟ್ಟಣದಲ್ಲಿ ಕಾಣುವ ಒಂದೊಂದು ಸಣ್ಣ ಕಾಳೂ ಲಕ್ಷಗಟ್ಟಲೆ ಜೀವಕೋಶಗಳ ಉಂಡೆ. ಒಣಗಿ ಮಲಗಿವೆ, ಅಷ್ಟೆ. ಬೆಚ್ಚಗಿನ ನೀರು ಸಿಕ್ಕರೆ ಎದ್ದು ಕೂರುತ್ತವೆ. ಒಂದು ಕೋಶ ಸುಮಾರು 5 ಮೈಕ್ರೋಮೀಟರ್ ಅಗಲ, ಅಂದರೆ ನಿಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಹತ್ತು ಹದಿನೈದು ಕೋಶಗಳನ್ನು ಸಾಲಾಗಿ ನಿಲ್ಲಿಸಬಹುದು. ಪೂರ್ತಿ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಬ್ಯಾಕ್ಟೀರಿಯಾ ಅಲ್ಲ, ಅಣಬೆಯ ಕಡೆಯ ನೆಂಟ. ನಮ್ಮ ಕೋಶದ ಹಾಗೆ ಇದಕ್ಕೂ ಕೋಶಕೇಂದ್ರ ಇದೆ, ಒಳಗೆ ಬೇರೆ ಬೇರೆ ಕೋಣೆಗಳಿವೆ. 1996ರಲ್ಲಿ ಇದರ ಪೂರ್ತಿ ಜೀನೋಮ್ ಓದಿ ಮುಗಿಸಿದರು, ಕೋಶಕೇಂದ್ರ ಇರುವ ಜೀವಿಗಳಲ್ಲಿ ಇದೇ ಮೊದಲು. ಸುಮಾರು 6,000 ಜೀನ್. ಒಂದು ಜೀನ್ ಕಿತ್ತುಹಾಕಿ ಏನು ಕೆಡುತ್ತದೆ ಅಂತ ನೋಡುವುದು ಇದರಲ್ಲಿ ಬಹಳ ಸುಲಭ. ಮುಂದೆ ಹೇಳುವ ಕಥೆ ಬಹುಪಾಲು ಗೊತ್ತಾಗಿದ್ದು ಹಾಗೆ ಒಂದೊಂದನ್ನೇ ಕಿತ್ತು ನೋಡಿಯೇ.

ಕೋಶಗೋಡೆ, ಕೋಶಪೊರೆ ಎರಡೂ ಒಂದೇ ಅಲ್ವಾ?

ಅಲ್ಲ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ನಮ್ಮ ಕಡೆಯ ಮನೆಯನ್ನೇ ನೆನಪು ಮಾಡಿಕೊಳ್ಳಿ. ಹೊರಗೊಂದು ಬೇಲಿ, ಅದಕ್ಕೆ ದಣಪೆ. ಬೇಲಿ ದನ ತಡೆಯುತ್ತದೆ, ಕೋಳಿಗೆ ಲೆಕ್ಕಕ್ಕಿಲ್ಲ. ಯೀಸ್ಟ್‌ನ ಕೋಶಗೋಡೆ ಈ ಬೇಲಿ ಇದ್ದ ಹಾಗೆ. 100ರಿಂದ 200 ನ್ಯಾನೋಮೀಟರ್ ದಪ್ಪ, ಗಟ್ಟಿ, ಆದರೆ ಸಂದು ಸಂದು. ಸಕ್ಕರೆ, ಉಪ್ಪಿನಂಥ ಸಣ್ಣ ಅಣುಗಳು ಅದರಲ್ಲಿ ಸಲೀಸಾಗಿ ನುಸುಳುತ್ತವೆ. ನಿಜವಾದ ಮನೆ ಗೋಡೆ ಅಂದರೆ ಅದರ ಒಳಗಿರುವ ಕೋಶಪೊರೆ. ಹೆಸರಿಟ್ಟವರು ಬೇಲಿಗೆ ಗೋಡೆ ಅಂದುಬಿಟ್ಟಿದ್ದಾರೆ, ಅದು ನನ್ನ ತಪ್ಪಲ್ಲ. ಪೊರೆ ಅಂದರೆ ಸುಮಾರು 7 ನ್ಯಾನೋಮೀಟರ್ ದಪ್ಪದ ಜಿಡ್ಡಿನ ಪದರ. ಇಷ್ಟು ತೆಳ್ಳಗಿದ್ದರೂ ಸಕ್ಕರೆಯನ್ನು ಒಳಗೆ ಬಿಡುವುದಿಲ್ಲ, ಯಾಕೆಂದರೆ ನೀರಲ್ಲಿ ಕರಗುವ ಸಕ್ಕರೆಗೂ ಜಿಡ್ಡಿಗೂ ಆಗಿಬರುವುದಿಲ್ಲ.

ಹಾಗಾದರೆ ಸಕ್ಕರೆ ಒಳಗೆ ಹೋಗುವುದು ಹೇಗೆ?

ಬಾಗಿಲಿನಿಂದ. ಪೊರೆಯಲ್ಲಿ ಹುದುಗಿರುವ ಪ್ರೋಟೀನೇ ಬಾಗಿಲು.

ಒಂದು ಕಥೆ ಹೇಳುತ್ತೇನೆ. ಒಂದು ಮಳೆಗಾಲ, ನಡುರಾತ್ರಿ, ನಮ್ಮ ಅಡುಗೆಮನೆಯಲ್ಲಿ ಟಪ್ ಅಂತ ಶಬ್ದ ಬಂತು. ಆಲೆಮನೆಯಿಂದ ತಂದಿದ್ದ ಜೋನಿ ಬೆಲ್ಲದ ಡಬ್ಬದ ಮುಚ್ಚಳ ಹಾರಿತ್ತು. ಮೇಲೆಲ್ಲ ನೊರೆ, ಹೆಂಡದ ವಾಸನೆ, ಬೆಳಗಾಗುವ ಹೊತ್ತಿಗೆ ಗೋಡೆ ಮೇಲೆ ಇರುವೆ ಸಾಲು. ಒದ್ದೆ ಚಮಚ ಅದ್ದಿದ್ದು ನಾನೇ. ಅತ್ತೆ ನೋಡಿ, "ನಿನ್ನ ಪಾಠ ನನ್ನ ಡಬ್ಬಕ್ಕೂ ಬಂತಲ್ಲೇ" ಅಂದರು. ಗಟ್ಟಿ ಜೋನಿ ಬೆಲ್ಲದಲ್ಲಿ ನೀರು ಕಮ್ಮಿ, ಯೀಸ್ಟ್ ಏಳುವುದು ಕಷ್ಟ. ಒದ್ದೆ ಚಮಚ, ಮಳೆಗಾಲದ ತೇವ ಸೇರಿ ಮೇಲಿನ ಪದರ ನೀರಾದರೆ ಆಯಿತು. ಅಂಥ ಸಿಹಿಯಲ್ಲೂ ಬದುಕುವ ಜೈಗೋಸ್ಯಾಕರೋಮೈಸಿಸ್ ಅನ್ನುವ ಯೀಸ್ಟ್‌ಗಳಿವೆ. ಜೇನುತುಪ್ಪ, ಸಕ್ಕರೆ ಪಾಕ ಕೆಡಿಸುವುದರಲ್ಲಿ ಅವು ಎತ್ತಿದ ಕೈ.

ಈಗ ನಮ್ಮ ಬನ್ನಿನ ಯೀಸ್ಟ್‌ಗೇ ಬೆಲ್ಲದ ನೀರು ಕೊಟ್ಟೆವು ಅಂತಿಟ್ಟುಕೊಳ್ಳಿ. ಬೆಲ್ಲದಲ್ಲಿ ಜಾಸ್ತಿ ಇರುವುದು ಸುಕ್ರೋಸ್. ಅದನ್ನು ಯೀಸ್ಟ್ ಹೆಚ್ಚಾಗಿ ಹಾಗೇ ಒಳಗೆ ಕರೆಯುವುದಿಲ್ಲ. ಇನ್ವರ್ಟೇಸ್ ಅನ್ನುವ ಕಿಣ್ವವನ್ನು ಪೊರೆಯಾಚೆ ಬೇಲಿ ಹತ್ತಿರವೇ ಬಿಟ್ಟಿರುತ್ತದೆ. ಅದು ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡು ತುಂಡು ಮಾಡುತ್ತದೆ. ಅಡಿಕೆಯನ್ನು ಅಂಗಳದಲ್ಲೇ ಸುಲಿದು ಒಳಗೆ ತಂದ ಹಾಗೆ. ಆ ತುಂಡುಗಳು ಬರುವ ಬಾಗಿಲುಗಳ ಹೆಸರು ಎಚ್‌ಎಕ್ಸ್‌ಟಿ. ಒಂದೆರಡಲ್ಲ, ಎಚ್‌ಎಕ್ಸ್‌ಟಿ1ರಿಂದ 17ರವರೆಗೆ ನಂಬರ್ ಹಾಕಿದ್ದಾರೆ. ಯೀಸ್ಟ್‌ಗೆ ಗ್ಲೂಕೋಸ್ ಪೂರ್ತಿ ಬಂದ್ ಮಾಡಬೇಕು ಅಂತ ಹೊರಟವರು ಒಂದೇ ಕೋಶದಲ್ಲಿ ಕಮ್ಮಿಯೆಂದರೂ 20 ಬಾಗಿಲುಗಳ ಜೀನ್ ಕಿತ್ತುಹಾಕಬೇಕಾಯಿತು, ಅದು 1999ರ ಕೆಲಸ. ತಾಳ್ಮೆ ಅಂದರೆ ಅದು.

ಒಂದೇ ಸಕ್ಕರೆಗೆ ಇಷ್ಟೊಂದು ಬಾಗಿಲು ಯಾಕೆ ಬೇಕು? ದಂಡ ಅಲ್ವಾ?

ದಂಡ ಅಲ್ಲ. ಎಲ್ಲ ಬಾಗಿಲೂ ಒಂದೇ ಥರ ಅಲ್ಲ. ಎಚ್‌ಎಕ್ಸ್‌ಟಿ1 ಸುಗ್ಗಿ ಕಾಲದ ಹೆಬ್ಬಾಗಿಲು. ಹೊರಗೆ ಗ್ಲೂಕೋಸ್ ನೂರಕ್ಕೆ ಒಂದೆರಡು ಪಾಲು ಇದ್ದರೆ ಅದರ ಕೆಲಸ ಜೋರು. ಗ್ಲೂಕೋಸ್ ಅದರ ನೂರನೇ ಒಂದು ಪಾಲಿಗೆ ಇಳಿದರೆ ಹೆಬ್ಬಾಗಿಲಿನಲ್ಲಿ ಏನೂ ಬರುವುದಿಲ್ಲ, ಆಗ ಎಚ್‌ಎಕ್ಸ್‌ಟಿ6, ಎಚ್‌ಎಕ್ಸ್‌ಟಿ7 ಬೇಕು. ಅವು ಒಂದೊಂದು ಅಣುವನ್ನೂ ಬಿಡದೆ ಹೆಕ್ಕುತ್ತವೆ, ಅಡಿಕೆ ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಉದುರು ಹೆಕ್ಕುವವರ ಹಾಗೆ. ಹೊರಗೆ ಎಷ್ಟಿದೆ ಅಂತ ನೋಡಿ ಹೇಳುವುದಕ್ಕೆ ಎಸ್‌ಎನ್‌ಎಫ್3, ಆರ್‌ಜಿಟಿ2 ಅಂತ ಎರಡು ಕಾವಲು ಪ್ರೋಟೀನ್ ಬೇರೆ ಇವೆ.

ಬಾಗಿಲಿನಲ್ಲಿ ಸಾಮಾನು ತರಲು ಖರ್ಚಿಲ್ವಾ?

ಗ್ಲೂಕೋಸ್‌ಗೆ ಇಲ್ಲ. ಹೊರಗೆ ಜಾಸ್ತಿ, ಒಳಗೆ ಕಮ್ಮಿ, ತಾನೇ ಇಳಿದು ಬರುತ್ತದೆ. ಮಾಲ್ಟೋಸ್, ಅಮೈನೋ ಆಮ್ಲಗಳಿಗೆ ಖರ್ಚಿದೆ. ಅವು ಪ್ರೋಟಾನ್ ಜೊತೆ ಸವಾರಿ ಮಾಡಿಕೊಂಡು ಬರುತ್ತವೆ. ಆ ಪ್ರೋಟಾನ್‌ಗಳನ್ನು ಮೊದಲು ಹೊರಗೆ ದಬ್ಬಿ ಇಟ್ಟಿರಬೇಕು. ದಬ್ಬುವ ಪಂಪಿನ ಹೆಸರು ಪಿಎಂಎ1, ಅದಕ್ಕೆ ಎಟಿಪಿ, ಅಂದರೆ ಕೋಶದ ಇಂಧನ, ಸುರಿಯುತ್ತಲೇ ಇರಬೇಕು.

ಇಷ್ಟೆಲ್ಲ ಬಾಗಿಲಿದ್ದ ಮೇಲೆ ನುಂಗುವುದು ಯಾಕೆ? ನುಂಗುವುದಾದರೂ ಏನನ್ನು?

ಇದೇ ನನಗೆ ಇಷ್ಟದ ಪ್ರಶ್ನೆ. ಪಠ್ಯದಲ್ಲಿ ಎಂಡೋಸೈಟೋಸಿಸ್ ಅಂದರೆ ಕೋಶ ಆಹಾರ ನುಂಗುವುದು ಅಂತ ಒಂದು ಅಮೀಬಾ ಚಿತ್ರ ಹಾಕಿ ಮುಗಿಸಿಬಿಡುತ್ತಾರೆ. ಯೀಸ್ಟ್‌ನಲ್ಲಿ ಅದು ಹಾಗಿಲ್ಲ. ಪೊರೆ ಒಳಕ್ಕೆ ಗುಳಿ ಬಿದ್ದು, ಗುಳಿ ಚೀಲವಾಗಿ, ಚೀಲ ಕತ್ತರಿಸಿಕೊಂಡು ಒಳಗೆ ಹೋಗುತ್ತದೆ, ಅದು ನಿಜ. ಹೊರಗಿನ ನೀರೂ ಸ್ವಲ್ಪ ಅದರ ಜೊತೆ ಬರುತ್ತದೆ. ಆದರೆ ಹೊಟ್ಟೆ ತುಂಬುವ ಊಟ ಆ ನೀರಲ್ಲಿ ಬರುವುದಲ್ಲ. ಯೀಸ್ಟ್ ಮುಖ್ಯವಾಗಿ ನುಂಗುವುದು ತನ್ನ ಬಾಗಿಲುಗಳನ್ನೇ!

ಯೋಚನೆ ಮಾಡಿ. ಗ್ಲೂಕೋಸ್ ಇಲ್ಲದಾಗ ಕೋಶ ಎಚ್‌ಎಕ್ಸ್‌ಟಿ6, 7 ಬಾಗಿಲುಗಳನ್ನು ಕೂರಿಸಿಕೊಂಡಿತ್ತು. ನೀವು ಬಂದು ಒಂದು ಲೋಟ ಸಕ್ಕರೆ ನೀರು ಸುರಿದಿರಿ. ಈಗ ಬೇಕಾಗಿರುವುದು ಹೆಬ್ಬಾಗಿಲು, ಹೆಕ್ಕುವ ಬಾಗಿಲಲ್ಲ. ಹಳೆಯವನ್ನು ತೆಗೆಯಬೇಕು. ಆದರೆ ಪೊರೆಯಲ್ಲಿ ಸಿಕ್ಕಿಕೊಂಡಿರುವ ಪ್ರೋಟೀನನ್ನು ಹಲ್ಲು ಕಿತ್ತ ಹಾಗೆ ಕೀಳಲು ಬರುವುದಿಲ್ಲ. ಅದು ಕೂತಿರುವ ಪೊರೆಯ ತುಂಡಿನ ಸಮೇತ ಒಳಗೆಳೆದು ನುಂಗಬೇಕು. ಸಕ್ಕರೆ ಮುಗಿದಾಗ ಇದೇ ಆಟ ತಿರುಗಾಮುರುಗಾ, ಆಗ ಹೋಗುವುದು ಎಚ್‌ಎಕ್ಸ್‌ಟಿ1, ಎಚ್‌ಎಕ್ಸ್‌ಟಿ3. ಮಾಲ್ಟೋಸ್ ತಿನ್ನುತ್ತಿದ್ದ ಯೀಸ್ಟ್‌ಗೆ ಗ್ಲೂಕೋಸ್ ಹಾಕಿದರೆ ಮಾಲ್ಟೋಸ್ ಬಾಗಿಲಿಗೂ ಇದೇ ಗತಿ. ಹೊಸ ಮನೆಗೆ ಬಂದ ಸೊಸೆ ಕೂಡ ಇಷ್ಟು ಬೇಗ ಬಾಗಿಲು ಬದಲಾಯಿಸುವುದಿಲ್ಲ ಅಂತ ಒಬ್ಬ ವಿದ್ಯಾರ್ಥಿಯ ಅಮ್ಮ ಹೇಳಿ ನಕ್ಕರು. ಅದರ ಅರ್ಥ ನನಗೆ ಪೂರ್ತಿ ಆಗಲಿಲ್ಲ, ಆದರೂ ಬರೆದಿದ್ದೇನೆ.

ಯಾವ ಬಾಗಿಲು ತೆಗೆಯಬೇಕು ಅಂತ ಯಾರು ಹೇಳುತ್ತಾರೆ?

ಕಡಿಯುವ ಮರಕ್ಕೆ ಮೊದಲೇ ನಂಬರ್ ಹೊಡೆದು ಹೋಗುವುದನ್ನು ನೋಡಿದ್ದೀರಲ್ಲ? ಹಾಗೆ. ಇಲ್ಲಿ ನಂಬರ್ ಅಂದರೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನ್. ಬಾಗಿಲಿನ ಒಳಮೈಗೆ ಅದನ್ನು ಅಂಟಿಸುವುದು ಆರ್‌ಎಸ್‌ಪಿ5 ಅನ್ನುವ ಕಿಣ್ವ. ಆದರೆ ಆರ್‌ಎಸ್‌ಪಿ5ಗೆ ತಾನಾಗಿ ಯಾವ ಬಾಗಿಲು ಅಂತ ಅಷ್ಟಾಗಿ ಗೊತ್ತಾಗುವುದಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ 'ಇದು' ಅಂತ ತೋರಿಸಲು ಅರೆಸ್ಟಿನ್ ಜಾತಿಯ ಪ್ರೋಟೀನ್‌ಗಳ ಒಂದು ಗುಂಪೇ ಇದೆ. ಒಬ್ಬರು ಅರ್ಜಿನಿನ್ ಅನ್ನುವ ಅಮೈನೋ ಆಮ್ಲದ ಬಾಗಿಲು ತೋರಿಸಿದರೆ ಇನ್ನೊಬ್ಬರು ಗ್ಲೂಕೋಸ್ ಬಾಗಿಲು. ಯುಬಿಕ್ವಿಟಿನ್ ಗುರುತು ಬಿದ್ದರೆ ನುಂಗುತ್ತದೆ ಅಂತ ಯೀಸ್ಟ್‌ನ ಒಂದು ಗ್ರಾಹಕ ಪ್ರೋಟೀನ್ (ಹೊರಗಿನ ಸುದ್ದಿ ಹಿಡಿಯುವ ರಿಸೆಪ್ಟರ್) ಇಟ್ಟುಕೊಂಡು 1996ರಲ್ಲಿ ತೋರಿಸಿದವರು ಲಿಂಡಾ ಹಿಕಿ ಮತ್ತು ಹೋವರ್ಡ್ ರೀಜ್‌ಮನ್.

ಆ ಗ್ರಾಹಕ ಯಾವುದು?

ಸ್ಟೆ2. ಯೀಸ್ಟ್‌ನಲ್ಲಿ ಎ ಮತ್ತು ಆಲ್ಫಾ ಅಂತ ಎರಡು ಜಾತಕ, ಗಂಡು ಹೆಣ್ಣಿನ ಹಾಗೆ ಒಂದಕ್ಕೊಂದು ಜೋಡಿ. ಆಲ್ಫಾ ಕೋಶ 13 ಅಮೈನೋ ಆಮ್ಲಗಳ ಒಂದು ಚಿಕ್ಕ ಸರವನ್ನು ಹೊರಗೆ ಬಿಡುತ್ತದೆ, ಅದು 'ನಾನಿಲ್ಲಿದ್ದೇನೆ' ಅಂತ ಕಳಿಸುವ ಚೀಟಿ. ಎ ಕೋಶದ ಸ್ಟೆ2 ಅದನ್ನು ಹಿಡಿಯುತ್ತದೆ, ಕೋಶ ಒಂದು ಎರಡಾಗುವುದನ್ನು ನಿಲ್ಲಿಸಿ ಆ ದಿಕ್ಕಿಗೆ ಮೂತಿ ಚಾಚುತ್ತದೆ. ಚೀಟಿ ಓದಿ ಆದ ಮೇಲೆ ಸ್ಟೆ2 ಚೀಟಿ ಸಮೇತ ಒಳಗೆ ಹೋಗಿ ಚೂರಾಗಬೇಕು, ಇಲ್ಲದಿದ್ದರೆ ಕೋಶ ಹಳೇ ಚೀಟಿಯನ್ನೇ ಓದಿಕೊಂಡು ಕೂತಿರುತ್ತದೆ. ಎರಡನೇ ಪಿಯುಸಿ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸರಿ, ನುಂಗುವ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ? ನಿಧಾನಕ್ಕೆ ಹೇಳಿ.

ಇದರಲ್ಲಿ ಅರವತ್ತರ ಆಸುಪಾಸು ಪ್ರೋಟೀನ್‌ಗಳು ಕೈ ಹಾಕುತ್ತವೆ. ಎಲ್ಲವನ್ನೂ ಹೇಳಿದರೆ ನೀವು ಎದ್ದು ಹೋಗುತ್ತೀರಿ, ಮುಖ್ಯವಾದವು ಸಾಕು.

ಮೊದಲು ಜಾಗ ಹಿಡಿಯುವವರು ಬರುತ್ತಾರೆ. ಪೊರೆಯ ಒಳಮೈಯಲ್ಲಿ ಒಂದು ಚುಕ್ಕೆಯಷ್ಟು ಜಾಗದಲ್ಲಿ ಇಡಿಇ1 ಮತ್ತು ಅದರ ಜೊತೆಯವರು ಗುಂಪು ಕಟ್ಟುತ್ತಾರೆ. ಕ್ಲ್ಯಾಥ್ರಿನ್ ಬರುತ್ತದೆ. ಇದು ಮೂರು ಕಾಲಿನ ಪ್ರೋಟೀನ್, ಕಾಲಿಗೆ ಕಾಲು ಹೆಣೆದುಕೊಂಡು ಬಿದಿರು ಬುಟ್ಟಿಯಂತೆ ಆಗುತ್ತದೆ. ಗುರುತು ಬಿದ್ದ ಬಾಗಿಲುಗಳು ಅಲ್ಲಿಗೆ ಬಂದು ಸೇರಿಕೊಳ್ಳುತ್ತವೆ. ಈ ಹಂತಕ್ಕೆ ಅವಸರವೇ ಇಲ್ಲ. ಒಂದು ನಿಮಿಷ ಆಗಬಹುದು, ಎರಡು ನಿಮಿಷ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಮದುವೆ ಮನೆಯಲ್ಲಿ ಹಿಂದಿನ ದಿನ ಚಪ್ಪರ ಹಾಕುವವರ ಹಾಗೆ, ಬರುವವರು ಬರುತ್ತಾ ಇರುತ್ತಾರೆ.

ಆಮೇಲೆ ಸ್ಲಾ2, ಎಂಟ್1, ಪ್ಯಾನ್1, ಸ್ಲಾ1 ಬಂದು ಕೂರುತ್ತವೆ. ಇಲ್ಲಿಂದ ಗಡಿಯಾರ ಶುರು. ಲಾಸ್17 ಅನ್ನುವ ಪ್ರೋಟೀನ್ ಬರುತ್ತದೆ, ಇದು ಸ್ವಿಚ್ಚು. ಬಂದ ತಕ್ಷಣ ಅದನ್ನು ಒತ್ತಲು ಬಿಡುವುದಿಲ್ಲ, ಸ್ಲಾ1 ಅದರ ಕೈ ಹಿಡಿದುಕೊಂಡಿರುತ್ತದೆ. ಸುಮಾರು 20 ಸೆಕೆಂಡು ಕಾದು ಸ್ವಿಚ್ಚು ಬೀಳುತ್ತದೆ. ಬಿದ್ದ ಕೂಡಲೇ ಏಳು ತುಂಡು ಸೇರಿ ಆಗಿರುವ ಆರ್ಪ್2/3 ಅನ್ನುವ ಯಂತ್ರ ಎಚ್ಚರವಾಗುತ್ತದೆ. ಅದು ಆಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳಿಗೆ ಕವಲು ಒಡೆಸುತ್ತದೆ, ಒಂದು ಎಳೆಯ ಮೈಮೇಲೆ ಇನ್ನೊಂದು, ಹೆಚ್ಚು ಕಮ್ಮಿ 70 ಡಿಗ್ರಿ ಕೋನದಲ್ಲಿ. ಕ್ಷಣದಲ್ಲಿ ಅಲ್ಲೊಂದು ಪೊದೆ. ಆ ಪೊದೆ ಒಳಮುಖವಾಗಿ ಬೆಳೆಯುತ್ತಾ ಪೊರೆಯನ್ನು ಜಗ್ಗುತ್ತದೆ. ಚಪ್ಪಟೆ ಇದ್ದ ಪೊರೆ ಗುಳಿಯಾಗಿ, ಗುಳಿ ಕೊಳವೆಯಾಗಿ, ನೂರು ನ್ಯಾನೋಮೀಟರಿಗೂ ಜಾಸ್ತಿ ಉದ್ದ ಒಳಗೆ ಇಳಿಯುತ್ತದೆ.

ಕೊನೆಗೆ ಕೊಳವೆಯನ್ನು ಕತ್ತರಿಸಬೇಕು. ಆರ್‌ವಿಎಸ್161, ಆರ್‌ವಿಎಸ್167 ಅಂತ ಒಂದು ಜೋಡಿ ಇದೆ, ಬಾಳೆಕಾಯಿಯ ಹಾಗೆ ಬಾಗಿದ ಆಕಾರ. ಅವು ಕೊಳವೆಯನ್ನು ಸುತ್ತ ತಬ್ಬಿ ಹಿಡಿಯುತ್ತವೆ. ಪಟ್ ಅಂತ ತುಂಡಾಗಿ ಚೀಲ ಒಳಗೆ. ಆಮೇಲೆ ಆರ್ಕ್1, ಪ್ರ್ಕ್1 ಅನ್ನುವ ಕಿಣ್ವಗಳು ಬಂದು ಚೀಲದ ಮೇಲಿನ ಅಟ್ಟಣಿಗೆ ಬಿಚ್ಚಲು ಶುರುಮಾಡುತ್ತವೆ, ಬಿಚ್ಚಿದ್ದು ಮುಂದಿನ ಚುಕ್ಕೆಗೆ ಉಪಯೋಗ. ಆಕ್ಟಿನ್ ಪೊದೆ ಹುಟ್ಟಿದಾಗಿನಿಂದ ಚೀಲ ಕಳಚುವ ತನಕ ಎಷ್ಟು ಹೊತ್ತು ಗೊತ್ತಾ? ಹತ್ತು ಹದಿನೈದು ಸೆಕೆಂಡು. ನೀವು ಈ ಪ್ಯಾರಾ ಓದುವಷ್ಟು ಹೊತ್ತು.

ಸಣ್ಣ ಚೀಲ ಎಳೆಯಲು ಅಷ್ಟು ಬಲ ಯಾಕೆ?

ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಹೊರಗಿನಿಂದ ಬೆರಳಲ್ಲಿ ಒತ್ತಿ ಗುಳಿ ಮಾಡಿ ನೋಡಿ. ಆಗುವುದಿಲ್ಲ ಅಲ್ವಾ? ಯೀಸ್ಟ್ ಕೋಶದ ಒಳಗೆ ಉಪ್ಪು, ಸಕ್ಕರೆ, ಪ್ರೋಟೀನ್ ಕಿಕ್ಕಿರಿದಿವೆ, ಹಾಗಾಗಿ ನೀರು ನುಗ್ಗುತ್ತಲೇ ಇರುತ್ತದೆ, ಒಳಗಿನ ಒತ್ತಡ ಪೊರೆಯನ್ನು ಬೇಲಿಗೆ ಅಂಟಿಸಿ ಒತ್ತಿ ಹಿಡಿದಿರುತ್ತದೆ. ಕಾರಿನ ಟೈರಿನಲ್ಲಿರುವಷ್ಟು ಒತ್ತಡ, ಕೆಲವು ಅಳತೆಗಳಲ್ಲಿ ಅದಕ್ಕಿಂತ ಜಾಸ್ತಿಯೇ. ಅದಕ್ಕೆ ಎದುರಾಗಿ ಪೊರೆಯನ್ನು ಒಳಕ್ಕೆ ಎಳೆಯಬೇಕು. ನಮ್ಮ ಕೋಶಗಳಿಗೆ ಬೇಲಿಯೂ ಇಲ್ಲ, ಅಷ್ಟು ಒತ್ತಡವೂ ಇಲ್ಲ, ಹಾಗಾಗಿ ಎಷ್ಟೋ ಸಲ ಕ್ಲ್ಯಾಥ್ರಿನ್ ಬುಟ್ಟಿಯೇ ಸಾಕಾಗುತ್ತದೆ, ಆಕ್ಟಿನ್ ಇಲ್ಲದಿದ್ದರೂ ನಡೆಯುತ್ತದೆ. ಯೀಸ್ಟ್‌ನಲ್ಲಿ ಉಲ್ಟಾ. ಕ್ಲ್ಯಾಥ್ರಿನ್ ತೆಗೆದರೆ ಕೋಶ ನರಳುತ್ತದೆ, ಚುಕ್ಕೆಗಳು ಕಮ್ಮಿಯಾಗುತ್ತವೆ, ಆದರೂ ನುಂಗುವುದು ಪೂರ್ತಿ ನಿಲ್ಲುವುದಿಲ್ಲ. ಆಕ್ಟಿನ್ ಕಟ್ಟದಂತೆ ಮಾಡಿದರೆ ಎಲ್ಲ ಬಂದ್. ಹಾಗೆ ಮಾಡುವ ಒಂದು ವಿಷ ಲ್ಯಾಟ್ರಂಕ್ಯುಲಿನ್, ಕೆಂಪು ಸಮುದ್ರದ ಒಂದು ಸ್ಪಂಜಿನಿಂದ ಸಿಕ್ಕಿದ್ದು.

ಇದಕ್ಕೊಂದು ಚಂದದ ಸಾಕ್ಷಿ ಇದೆ. ಕೆಲವು ಪ್ರೋಟೀನ್ ಇಲ್ಲದೆ ನುಂಗಲು ಒದ್ದಾಡುವ ಕೋಶಗಳನ್ನು ಸಾರ್ಬಿಟಾಲ್ ಅನ್ನುವ ಸಕ್ಕರೆಯಂಥ ಪದಾರ್ಥ ಕರಗಿಸಿದ ನೀರಲ್ಲಿ ಇಟ್ಟರೆ ಹೊರಗೂ ಒಳಗೂ ಸಾಂದ್ರತೆ ಹತ್ತಿರ ಬಂದು ಒತ್ತಡ ಇಳಿಯುತ್ತದೆ. ಆಗ ಅವು ಮತ್ತೆ ನುಂಗಲು ಶುರುಮಾಡುತ್ತವೆ. ಟ್ಯೂಬಿನ ಗಾಳಿ ಸ್ವಲ್ಪ ಬಿಟ್ಟ ಹಾಗೆ.

ಇಷ್ಟೊಂದು ಪ್ರೋಟೀನ್‌ಗಳಲ್ಲಿ ಒಂದಿಲ್ಲದಿದ್ದರೆ ಏನಾಗುತ್ತೆ?

ಯಾವುದು ಇಲ್ಲ ಅನ್ನುವುದರ ಮೇಲೆ. ಇಡಿಇ1 ಇಲ್ಲದಿದ್ದರೆ ಚುಕ್ಕೆಗಳ ಸಂಖ್ಯೆ ಇಳಿಯುತ್ತದೆ, ಕೋಶ ಹೇಗೋ ಸುಧಾರಿಸಿಕೊಳ್ಳುತ್ತದೆ. ಆರ್‌ವಿಎಸ್ ಜೋಡಿ ಇಲ್ಲದಿದ್ದರೆ ಪೊರೆ ಒಳಗೆ ಇಳಿದದ್ದು ಸರಿಸುಮಾರು ಕಾಲು ಭಾಗದಷ್ಟು ಸಲ ಕತ್ತರಿಸದೆ ವಾಪಸ್ ಹೋಗಿಬಿಡುತ್ತದೆ.

ಸ್ಲಾ2 ಕಥೆ ಎಲ್ಲಕ್ಕಿಂತ ಮಜಾ. ಬಾವಿಯಿಂದ ನೀರು ಸೇದುತ್ತಿದ್ದೀರಿ, ಹಗ್ಗದ ಕುಣಿಕೆ ಕೊಡಪಾನದ ಕುತ್ತಿಗೆಯಿಂದ ಜಾರಿದೆ. ನೀವು ಎಳೆಯುತ್ತಲೇ ಇದ್ದೀರಿ, ಹಗ್ಗ ಸರಸರ ಮೇಲೆ ಬರುತ್ತಿದೆ, ಕೊಡಪಾನ ಕೆಳಗೆ ತೇಲುತ್ತಾ ನಿಂತಿದೆ. ಸ್ಲಾ2 ಆ ಕುಣಿಕೆ. ಅದರ ಒಂದು ತುದಿ ಪೊರೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ಆಕ್ಟಿನ್ನನ್ನು. ಸ್ಲಾ2 ಇಲ್ಲದ ಕೋಶಗಳಲ್ಲಿ ಆಕ್ಟಿನ್ ಕಟ್ಟುವುದು ನಿಲ್ಲುವುದಿಲ್ಲ, ಬದಲಿಗೆ ಧೂಮಕೇತುವಿನ ಬಾಲದ ಹಾಗೆ ಉದ್ದಕ್ಕೆ ಹರಿಯುತ್ತಲೇ ಇರುತ್ತದೆ. ಪೊರೆ ಮಾತ್ರ ಅಲ್ಲಾಡುವುದಿಲ್ಲ. ಆ ಚಿತ್ರ ಮೊದಲ ಸಲ ನೋಡಿದಾಗ ನನಗೆ ನಮ್ಮ ಬಾವಿಕಟ್ಟೆ, ಪಾತಾಳಗರಡಿ ಹಿಡಿದು ಬರುತ್ತಿದ್ದ ಅಜ್ಜಯ್ಯ ಎಲ್ಲ ನೆನಪಾದರು.

ಇಷ್ಟು ಸಣ್ಣದನ್ನು ನೋಡಿದ್ದು ಹೇಗೆ? ಸುಮ್ನೆ ಊಹೆ ಅಲ್ವಾ?

ಊಹೆ ಅಲ್ಲ. 1985ರಲ್ಲಿ ರೀಜ್‌ಮನ್ ಅವರು ಲೂಸಿಫರ್ ಯೆಲ್ಲೋ ಅನ್ನುವ ಹೊಳೆಯುವ ಹಳದಿ ಬಣ್ಣವನ್ನು ಯೀಸ್ಟ್ ಇದ್ದ ನೀರಿಗೆ ಹಾಕಿದರು. ಆ ಬಣ್ಣಕ್ಕೆ ಪೊರೆ ದಾಟಲು ಬಾಗಿಲಿಲ್ಲ. ಆದರೂ ಅದು ರಸದಾನಿಯಲ್ಲಿ (ವ್ಯಾಕ್ಯೂಲ್, ಕೋಶದೊಳಗೆ ಹಳತನ್ನು ಚೂರು ಮಾಡುವ ಕೋಣೆ) ಹೋಗಿ ಸೇರಿತ್ತು, ಅಂದರೆ ನುಂಗಿಸಿಕೊಂಡೇ ಹೋಗಿರಬೇಕು. ಆಮೇಲೆ ನುಂಗಲು ಬಾರದ ಯೀಸ್ಟ್‌ಗಳನ್ನು ಹುಡುಕಿ ಎಂಡ್3, ಎಂಡ್4 ಅಂತ ಹೆಸರಿಟ್ಟರು. ಎಂಡ್4 ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಸ್ಲಾ2.

ದೊಡ್ಡ ತಿರುವು ಬಂದಿದ್ದು 2003ರಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಕೊ ಕಾಕ್ಸೊನೆನ್, ಯಿಡಿ ಸುನ್, ಡೇವಿಡ್ ಡ್ರೂಬಿನ್ ಸೇರಿ ಪ್ರೋಟೀನ್‌ಗಳಿಗೆ ಹೊಳೆಯುವ ಬಾಲ ಅಂಟಿಸಿ, ಜೀವಂತ ಕೋಶದಲ್ಲಿ ಯಾರು ಮೊದಲು ಬರುತ್ತಾರೆ, ಯಾರು ಆಮೇಲೆ, ಯಾರು ಎಷ್ಟು ಸೆಕೆಂಡು ನಿಲ್ಲುತ್ತಾರೆ ಅಂತ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಥರ ಬರೆದಿಟ್ಟರು. ಹಸಿರು ಹೊಳೆಯುವ ಪ್ರೋಟೀನ್ ಮೂಲತಃ ಒಂದು ಸಮುದ್ರದ ಲೋಳೆಮೀನಿನದು, ಅದಕ್ಕೆ 2008ರ ನೊಬೆಲ್ ಬಂತು. ಒಳಗಿನಿಂದ ಹೊರಗೆ ಚೀಲ ಸಾಗಿಸುವ ದಾರಿಯನ್ನೂ ಯೀಸ್ಟ್‌ನಲ್ಲೇ ಬಿಡಿಸಿದ್ದು, ಅದೇ ಬರ್ಕ್ಲಿಯ ರ‍್ಯಾಂಡಿ ಶೆಕ್‌ಮನ್, ಅವರಿಗೆ 2013ರಲ್ಲಿ ನೊಬೆಲ್ ಸಿಕ್ಕಿತು.

ಒಳಗೆ ಹೋದ ಚೀಲ ಎಲ್ಲಿಗೆ ಹೋಗುತ್ತೆ?

ಎಂಡೋಸೋಮ್ ಅನ್ನುವ ಜಂಕ್ಷನ್‌ಗೆ. ಕೆಲವು ಸಾಮಾನು ಅಲ್ಲಿಂದ ವಾಪಸ್ ಪೊರೆಗೆ ಹೋಗುತ್ತವೆ. ಯುಬಿಕ್ವಿಟಿನ್ ಗುರುತು ಇರುವವನ್ನು ಎಸ್ಕ್ರ್ಟ್ ಅನ್ನುವ ತಂಡ ಹಿಡಿದು ಇನ್ನೂ ಒಳಗಿನ ಪುಟ್ಟ ಚೀಲಕ್ಕೆ ತುಂಬಿ ರಸದಾನಿಗೆ ಕಳಿಸುತ್ತದೆ. ಅಲ್ಲಿ ಚೂರು ಚೂರು. ಚೂರಾದ ಅಮೈನೋ ಆಮ್ಲಗಳಿಂದ ಹೊಸ ಪ್ರೋಟೀನ್. ಹಳೇ ಮನೆ ಬಿಚ್ಚಿದಾಗ ಬಾಗಿಲಿನ ಮರ ಕೊಟ್ಟಿಗೆಗೆ ಬರುವುದಿಲ್ವೇ?

ಬ್ಯಾಕ್ಟೀರಿಯಾವನ್ನು ಅಥವಾ ಅಕ್ಕಿ ಚೂರನ್ನು ಹಿಡಿದು ನುಂಗುತ್ತದಾ?

ಇಲ್ಲ. ಬೇಲಿ ಬಿಡುವುದಿಲ್ಲ.

ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಯೀಸ್ಟ್ ಬಾಗಿಲು ಹಾಕಿಕೊಂಡಿತಾ?

ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದು, ಯೀಸ್ಟ್ ಜೊತೆಗಿರುತ್ತದೆ ಅಷ್ಟೆ. ಆದರೆ ಚಳಿಯ ಮಾತು ಇಬ್ಬರಿಗೂ ಒಂದೇ. ತಣ್ಣಗಾದರೆ ಪೊರೆಯ ಜಿಡ್ಡು ಬಿಗಿಯುತ್ತದೆ, ತುಪ್ಪ ಗಟ್ಟಿಯಾದ ಹಾಗೆ, ಬಾಗಿಲುಗಳೂ ಕಿಣ್ವಗಳೂ ನಿಧಾನವಾಗುತ್ತವೆ. ಲ್ಯಾಬಿನಲ್ಲಿ ಇದನ್ನೇ ಉಪಾಯವಾಗಿ ಬಳಸುತ್ತಾರೆ. ಯೀಸ್ಟನ್ನು ಐಸ್ ಮೇಲಿಟ್ಟು ಎಫ್‌ಎಂ4-64 ಅನ್ನುವ ಕೆಂಪು ಬಣ್ಣ ಹಾಕಿದರೆ ಬಣ್ಣ ಪೊರೆಗೆ ಅಂಟಿ ಅಲ್ಲೇ ಕೂರುತ್ತದೆ, ನುಂಗುವುದು ನಿಂತಿರುತ್ತದೆ. ಬೆಚ್ಚಗೆ ಮಾಡಿದ ಮೇಲೆ ಐದಾರು ನಿಮಿಷದಲ್ಲಿ ಒಳಗೆ ಚುಕ್ಕೆಗಳು, ಅರ್ಧ ಮುಕ್ಕಾಲು ಗಂಟೆಯಲ್ಲಿ ರಸದಾನಿಯ ಸುತ್ತ ಕೆಂಪು ಉಂಗುರ. ನೀವು ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ ಒಲೆ ಪಕ್ಕ ಇಡುವುದು ಸರಿಯೇ, ಮುಂದುವರಿಸಿ.

ಬಿಸಿ ನೀರಿಗೆ ಹಾಕಿದ ಯೀಸ್ಟ್ ಸತ್ತಿದೆಯಾ ಇಲ್ವಾ ಅಂತ ತಿಳಿಯುವುದು ಹೇಗೆ?

ಮೆಥಿಲೀನ್ ಬ್ಲೂ. ಒಂದು ತೊಟ್ಟು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಬದುಕಿರುವ ಕೋಶ ಬಣ್ಣವನ್ನು ಕಳೆದುಬಿಡುತ್ತದೆ, ಬೆಳ್ಳಗೆ ಕಾಣುತ್ತದೆ. ಸತ್ತದ್ದು ನೀಲಿ. ಒಂದು ಸಲ ಮಕ್ಕಳ ಮುಂದೆ ಜಂಬದಿಂದ ತೋರಿಸಲು ಹೋದೆ, ಕುದಿಯುವ ಕೆಟಲಿನ ನೀರಲ್ಲಿ ಯೀಸ್ಟ್ ಕದಡಿದ್ದು ಮರೆತಿದ್ದೆ. ಕಣ್ಣಿಟ್ಟರೆ ಇಡೀ ವೃತ್ತ ನೀಲಿ, ಒಂದೂ ಬಿಳಿ ಇಲ್ಲ. ಹಿಂದಿನ ಬೆಂಚಿನಿಂದ 'ಎಲ್ಲ ತೀರಿಕೊಂಡಿದ್ದಾರೆ ಮಿಸ್' ಅಂತ ದನಿ ಬಂತು. 35ರಿಂದ 40 ಡಿಗ್ರಿ ಸಾಕು, ಮೊಣಕೈಗೆ ಬೆಚ್ಚಗೆ ಅನ್ನಿಸುವಷ್ಟು.

ಯೀಸ್ಟ್ ಕಥೆ ನಮಗೆ ಯಾಕೆ? ಮನುಷ್ಯರಿಗೂ ಇದಕ್ಕೂ ಏನು ಸಂಬಂಧ?

ಅದೇ ಪ್ರೋಟೀನ್‌ಗಳ ಅಣ್ಣತಮ್ಮಂದಿರು ನಮ್ಮ ಕೋಶದಲ್ಲೂ ಇದ್ದಾರೆ. ಲಾಸ್17ರ ನೆಂಟ ನಮ್ಮಲ್ಲಿ ವಾಸ್ಪ್, ಅದು ಕೆಟ್ಟರೆ ಮಕ್ಕಳಿಗೆ ವಿಸ್ಕಾಟ್-ಆಲ್ಡ್ರಿಚ್ ಅನ್ನುವ, ರೋಗ ತಡೆಯುವ ಶಕ್ತಿ ಕುಂದುವ ಕಾಯಿಲೆ ಬರುತ್ತದೆ. ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣಗಳು ನಮ್ಮ ಕೋಶಕ್ಕೆ ಬರುವುದೂ ಕ್ಲ್ಯಾಥ್ರಿನ್ ಬುಟ್ಟಿಯಲ್ಲೇ.

ಇನ್ನು ನಮ್ಮ ಜಿಲ್ಲೆಯ ಮಾತು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ. ಉಣುಗು ಕಚ್ಚಿ ಬರುವ ಈ ವೈರಸ್ ಫ್ಲೇವಿವೈರಸ್ ಗುಂಪಿನದು, ಡೆಂಗೆಯ ದಾಯಾದಿ. ಈ ಗುಂಪಿನವು ಸಾಮಾನ್ಯವಾಗಿ ಕೋಶದ ಒಳಗೆ ಬರುವುದು ಗೋಡೆ ಒಡೆದಲ್ಲ, ಕೋಶದ ಕೈಯಲ್ಲೇ ನುಂಗಿಸಿಕೊಂಡು. ಚೀಲದ ಒಳಗೆ ಹುಳಿ ಏರಿದಾಗ ವೈರಸ್‌ನ ಹೊರಕವಚ ಚೀಲದ ಪೊರೆಗೆ ಬೆಸೆದುಕೊಂಡು ಒಳಗಿನ ಸರಕು ಹೊರಬೀಳುತ್ತದೆ. ಯೀಸ್ಟ್‌ಗೂ ಇಂಥ ವೈರಿ ಇದ್ದಾನೆ, ಕೆ28 ಅನ್ನುವ ವಿಷ. ಒಂದು ಯೀಸ್ಟ್ ಬಿಟ್ಟ ಆ ವಿಷವನ್ನು ಪಕ್ಕದ ಯೀಸ್ಟ್ ತಾನೇ ನುಂಗಿ, ರಸದಾನಿಗೆ ಹೋಗಬೇಕಾದದ್ದು ಹಿಮ್ಮುಖ ದಾರಿ ಹಿಡಿದು, ಕೊನೆಗೆ ಡಿಎನ್‌ಎ ನಕಲು ಮಾಡುವುದನ್ನೇ ನಿಲ್ಲಿಸಿ ಕೊಲ್ಲುತ್ತದೆ.

ಇದೆಲ್ಲ ಪರೀಕ್ಷೆಗೆ ಬರುತ್ತಾ?

ಎಂಡೋಸೈಟೋಸಿಸ್ ಅಂದರೇನು ಅಂತ ಬರಬಹುದು. ಸ್ಲಾ2 ಬರಲ್ಲ. ಬಂದರೆ ಬಾವಿ, ಕೊಡಪಾನ ಬರೆದು ಬನ್ನಿ, ಮಾರ್ಕ್ಸ್ ಹೋದರೆ ನನ್ನನ್ನು ಬೈಯಿರಿ.

ಮನೆಯಲ್ಲೇ ನೋಡುವಂಥದ್ದು ಏನಾದರೂ ಇದೆಯಾ?

ನುಂಗುವುದನ್ನು ನೋಡಲು ಆಗುವುದಿಲ್ಲ, ಅದಕ್ಕೆ ಒಳ್ಳೆ ಯಂತ್ರ ಬೇಕು. ಬಾಗಿಲು ಇದೆಯೋ ಇಲ್ಲವೋ ಅಂತ ನೋಡಬಹುದು. ನಾಲ್ಕು ನೀರಿನ ಬಾಟಲಿ, ನಾಲ್ಕು ಬಲೂನು, ಒಂದು ಪೊಟ್ಟಣ ಯೀಸ್ಟ್ ಸಾಕು. ಒಂದಕ್ಕೆ ಸಕ್ಕರೆ ನೀರು, ಒಂದಕ್ಕೆ ಜೋನಿ ಬೆಲ್ಲದ ನೀರು, ಒಂದಕ್ಕೆ ಕಾಯಿಸಿ ಆರಿಸಿದ ಹಾಲು, ಇನ್ನೊಂದಕ್ಕೆ ತೆಳ್ಳಗಿನ ಗಂಜಿ. ಎಲ್ಲವೂ ಮೊಣಕೈಗೆ ಬೆಚ್ಚಗಿರಲಿ. ತಲಾ ಒಂದು ಚಮಚ ಯೀಸ್ಟ್ ಹಾಕಿ ಅಲ್ಲಾಡಿಸಿ ಬಲೂನು ಸಿಕ್ಕಿಸಿ.

ಗಂಟೆಯೊಳಗೆ ಸಕ್ಕರೆ, ಬೆಲ್ಲದ ಬಲೂನು ಎದ್ದು ನಿಲ್ಲುತ್ತವೆ. ಹಾಲಿನದು ಸೊರಗಿ ನೇತಾಡುತ್ತಿರುತ್ತದೆ. ಹಾಲಿನಲ್ಲಿ ಸಕ್ಕರೆ ಇಲ್ಲವೆಂದಲ್ಲ, ಲ್ಯಾಕ್ಟೋಸ್ ಬೇಕಾದಷ್ಟಿದೆ, ಆದರೆ ಬನ್ನಿನ ಯೀಸ್ಟ್‌ಗೆ ಲ್ಯಾಕ್ಟೋಸ್ ಬಾಗಿಲೂ ಇಲ್ಲ, ಅದನ್ನು ತುಂಡರಿಸುವ ಕಿಣ್ವವೂ ಇಲ್ಲ. ಹಾಲಿನಲ್ಲೇ ಬೆಳೆಯುವ ಕ್ಲೂವೆರೋಮೈಸಿಸ್ ಲ್ಯಾಕ್ಟಿಸ್ ಅನ್ನುವ ಯೀಸ್ಟ್‌ಗೆ ಎರಡೂ ಇವೆ. ಗಂಜಿಯದೂ ಏಳುವುದಿಲ್ಲ, ಪಿಷ್ಟದ ಅಣು ಬಾಗಿಲಿಗೆ ಹಿಡಿಸದಷ್ಟು ದೊಡ್ಡದು, ಹೊರಗೆ ಕಡಿದು ಕೊಡುವವರೂ ಇಲ್ಲ. ಗಂಜಿಗೆ ಒಂದು ಚಮಚ ಮೊಳಕೆ ಬಂದ ರಾಗಿಯ ಹಿಟ್ಟು ಕದಡಿ ಅರ್ಧ ಗಂಟೆ ಬೆಚ್ಚಗಿಟ್ಟು ಆಮೇಲೆ ಯೀಸ್ಟ್ ಹಾಕಿದರೆ ಕಥೆ ಬೇರೆ, ರಾಗಿಯ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಮಾಡಿ ಕೊಡುತ್ತದೆ. ಬಲೂನು ಬಿಚ್ಚುವಾಗ ಮುಖ ದೂರ ಇಟ್ಟುಕೊಳ್ಳಿ, ಮತ್ತೆ ಆ ಬಾಟಲಿಗಳನ್ನು ಮುಚ್ಚಳ ಬಿಗಿದು ಅಡುಗೆಮನೆಯಲ್ಲಿ ಇಡಬೇಡಿ.